ಸಲಹೆಗೆ ಬಿಲ್ ಹಾಕುವುದು ಹೇಗೆ?

ಷವರಿನಲ್ಲಿ ನೀರು ಬರುತ್ತಿಲ್ಲ, ಹೊಸದು ಕೊಡಿ ಎಂದು ಒಬ್ಬರು ಬೆಂಗಳೂರಿನ ಕೊಡಿಗೇಹಳ್ಳಿ ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಬರುತ್ತಾರೆ. ಎಂಟುನೂರು, ಒಂಬೈನೂರರ ಒಳಗಿರಲಿ. ಅಂಗಡಿಯವರು ಡಬ್ಬ ಇಳಿಸುವುದಿಲ್ಲ. "ಬೋರ್ ನೀರಾ ಸಾರ್, ಕಾವೇರಿನಾ?" ಬೋರ್. "ಪಕ್ಕದ ನಲ್ಲೀಲಿ ಫೋರ್ಸ್ ಬರ್ತಿದೆಯಾ?" ಬರ್ತಿದೆ. "ಹಾಗಾದ್ರೆ ಷವರ್ ಹೋಗಿಲ್ಲ ಬಿಡಿ, ಉಪ್ಪು ಕಟ್ಕೊಂಡಿದೆ. ಬಿಚ್ಚಿ ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಹಳೇ ಬ್ರಷ್‌ನಲ್ಲಿ ಉಜ್ಜಿ." ನಿಂಬೆ ಉಪ್ಪು ಅವರಲ್ಲಿಲ್ಲ, ಎದುರಿನ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಷವರ್ ಮತ್ತೆ ಕೂರಿಸುವಾಗ ಸುತ್ತಲು ಬೇಕಲ್ಲ ಎಂದು ಬಂದವರು ಒಂದು ಟೆಫ್ಲಾನ್ ಟೇಪ್ ಕೊಂಡು, ಇಪ್ಪತ್ತು ರೂಪಾಯಿ ಸ್ಕ್ಯಾನ್ ಮಾಡಿ ಹೊರಟರು.

ಸಣ್ಣ ವ್ಯಾಪಾರಿಗಳಿಗೆ ಈಗ ಎಲ್ಲ ಕಡೆಯಿಂದಲೂ ಬರುತ್ತಿರುವ ಉಪದೇಶ ಒಂದೇ: ಸಾಮಾನು ಮಾರಬೇಡಿ, ಗಿರಾಕಿಯ ಸಮಸ್ಯೆಗೆ ಪರಿಹಾರ ಮಾರಿ. ಮೇಲಿನ ವ್ಯಾಪಾರ ಆ ಉಪದೇಶವನ್ನು ಅಕ್ಷರಶಃ ಪಾಲಿಸಿದೆ. ಸಮಸ್ಯೆ ಬಗೆಹರಿಯಿತು, ಗಿರಾಕಿಗೆ ಸಮಾಧಾನವಾಯಿತು, ಅಂಗಡಿಯ ಬಾಡಿಗೆ ಮಾತ್ರ ಹುಟ್ಟಲಿಲ್ಲ. 1960ರಲ್ಲಿ ಥಿಯೊಡೋರ್ ಲೆವಿಟ್ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ 'ಮಾರ್ಕೆಟಿಂಗ್ ಮಯೋಪಿಯಾ' ಲೇಖನದಿಂದ ಈ ವಿಚಾರಕ್ಕೆ ದೊಡ್ಡ ಹೆಸರು ಬಂತು. ಅಮೆರಿಕದ ರೈಲ್ವೆ ಕಂಪನಿಗಳು ರೈಲು ಓಡಿಸುವುದೇ ತಮ್ಮ ಕಸುಬು ಎಂದುಕೊಂಡವು, ಜನರನ್ನೂ ಸರಕನ್ನೂ ಸಾಗಿಸುವುದು ಎಂದುಕೊಳ್ಳಲಿಲ್ಲ, ಅದಕ್ಕೇ ಕಾರಿಗೂ ವಿಮಾನಕ್ಕೂ ಜಾಗ ಬಿಟ್ಟುಕೊಟ್ಟವು ಎಂಬುದು ಅವರ ವಾದ. ಅದು ದೊಡ್ಡ ಕಂಪನಿಗಳಿಗೆ ಹೇಳಿದ ಮಾತು. ಗಿರಾಕಿಯ ಮುಖ ನೋಡದ ಕಂಪನಿಗೆ ಅವನ ತೊಂದರೆ ಏನೆಂದು ಯಾರಾದರೂ ಹೇಳಿಕೊಡಬೇಕು. ಕೌಂಟರಿನ ಹಿಂದೆ ದಿನಕ್ಕೆ ಹತ್ತು ಗಂಟೆ ನಿಲ್ಲುವವರಿಗೆ ಅದನ್ನು ಕಲಿಸಬೇಕಾಗಿಲ್ಲ. ಅವರು ಮೊದಲಿನಿಂದ ಮಾಡುತ್ತಿರುವುದೇ ಅದು. ಅವರಿಗೆ ಸಿಗದೆ ಉಳಿದಿರುವುದು ಅದಕ್ಕೆ ದುಡ್ಡು ಪಡೆಯುವ ದಾರಿ.

ಈ ಪ್ರಶ್ನೆಯನ್ನು ನೋಡಲು ಕೊಡಿಗೇಹಳ್ಳಿ ಒಳ್ಳೆಯ ಜಾಗ. ಬಳ್ಳಾರಿ ರಸ್ತೆಯ ಕೊಡಿಗೇಹಳ್ಳಿ ಗೇಟಿನಿಂದ ಒಳಕ್ಕೆ ಬಂದರೆ ಸಹಕಾರನಗರ, ರೈಲ್ವೆ ನಿಲ್ದಾಣ, ಹಳೆಯ ಊರು, ವಿರೂಪಾಕ್ಷಪುರ, ತಿಂಡ್ಲು, ಹಾಗೇ ಮುಂದೆ ವಿದ್ಯಾರಣ್ಯಪುರ. ಬ್ಯಾಟರಾಯನಪುರ ನಗರಸಭೆಯೂ ಸೇರಿ ಸುತ್ತಲಿನ ಪ್ರದೇಶ 2007ರಲ್ಲಿ ಮಹಾನಗರ ಪಾಲಿಕೆಯಾದ ಬಿಬಿಎಂಪಿಗೆ ಬಂತು. ಮರುವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಹೊಲವಿದ್ದಲ್ಲಿ ಸೈಟು, ಸೈಟಿದ್ದಲ್ಲಿ ನಾಲ್ಕು ಅಂತಸ್ತು ಎದ್ದವು. ಮನೆ ಮೊದಲು ಬಂತು. ನೀರು, ಚರಂಡಿ, ಕಾಗದಪತ್ರ ಹಿಂದಿನಿಂದ ಬಂದವು, ಕೆಲವು ಇನ್ನೂ ಬರುತ್ತಲೇ ಇವೆ. ಆ ಅಂತರದಲ್ಲಿ ಹುಟ್ಟಿದ ತೊಂದರೆಗಳೇ ಇಲ್ಲಿನ ಸಣ್ಣ ವ್ಯಾಪಾರದ ಬಂಡವಾಳ.

ನೀರಿನಿಂದ ಶುರುಮಾಡೋಣ, ಬೇರೆಲ್ಲಕ್ಕಿಂತ ಹೆಚ್ಚು ದುಡ್ಡು ಹರಿಯುವುದು ಅಲ್ಲೇ. ಬೋರ್‌ವೆಲ್ ನೀರು ಗಡುಸು. ಅದು ಗೀಸರಿನ ಕಾಯಿಲ್ ಮೇಲೆ ಪದರ ಕಟ್ಟುತ್ತದೆ, ಸ್ಟೀಲ್ ನಲ್ಲಿಯ ಮೇಲೆ ಬಿಳಿ ಕಲೆ ಬಿಡುತ್ತದೆ, ಬಟ್ಟೆಯ ಬಣ್ಣ ಕೆಡಿಸುತ್ತದೆ, ಕೂದಲು ಉದುರುವುದಕ್ಕೂ ಅದೇ ಕಾರಣ ಎಂಬ ದೂರು ಮನೆಮನೆಯಲ್ಲೂ ಇದೆ. ಈ ತೊಂದರೆಗೆ ಮೂರು ಬಗೆಯ ವ್ಯಾಪಾರಿಗಳು ಮೂರು ಪರಿಹಾರ ಹಿಡಿದು ಬರುತ್ತಾರೆ: ಸಾಫ್ಟನರ್, ಆರ್‌ಒ, ಟ್ಯಾಂಕರ್. ಮೂರೂ ಬೇರೆ ಬೇರೆ ರೋಗಕ್ಕೆ ಬೇರೆ ಬೇರೆ ಮದ್ದು ಎಂಬುದು ಬಹಳ ಗಿರಾಕಿಗಳಿಗೆ ಗೊತ್ತಿಲ್ಲ. ಮಾರುವವರು ಹೇಳುವುದೂ ಇಲ್ಲ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣದ ಒಟ್ಟು ಪ್ರಮಾಣ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿನ ಮೂಲವೇ ಇಲ್ಲದಾಗ 2000ದವರೆಗೂ ನಡೆಯುತ್ತದೆ. ಗಡುಸುತನಕ್ಕೆ ಪ್ರತ್ಯೇಕ ಲೆಕ್ಕವಿದೆ, 200 ಮತ್ತು 600. ಸಾಫ್ಟನರ್ ಗಡುಸುತನ ತೆಗೆಯುತ್ತದೆ, ಕ್ಯಾಲ್ಸಿಯಂ ಹೋಗಿ ಆ ಜಾಗಕ್ಕೆ ಸೋಡಿಯಂ ಬರುತ್ತದೆ. ಟಿಡಿಎಸ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆದರೆ ಮನೆಗೆ ಬರುವ ಸೇಲ್ಸ್‌ನವರ ಕೈಯಲ್ಲಿರುವುದು ಟಿಡಿಎಸ್ ಮೀಟರ್ ಒಂದೇ. ಪೆನ್ನಿನಷ್ಟು ಉದ್ದದ ಆ ಸಾಧನ ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿ. ಅದನ್ನು ಅದ್ದಿ, ಅಂಕಿ ತೋರಿಸಿ, ಗಾಬರಿ ಹುಟ್ಟಿಸಿ, ಬೇಕಿದ್ದದ್ದು ಯಾವುದೋ ಮಾರಿದ್ದು ಯಾವುದೋ ಆಗುತ್ತದೆ.

ಇದಕ್ಕಿಂತ ಚಂದದ ಇನ್ನೊಂದು ಆಟವಿದೆ. ಎರಡು ಲೋಟ: ಒಂದರಲ್ಲಿ ನಿಮ್ಮ ಮನೆಯ ನೀರು, ಇನ್ನೊಂದರಲ್ಲಿ ಅವರು ತಂದ ಆರ್‌ಒ ನೀರು. ಎರಡರಲ್ಲೂ ಲೋಹದ ಕಡ್ಡಿಗಳಿಳಿಸಿ ಕರೆಂಟು ಕೊಡುತ್ತಾರೆ. ಒಂದೆರಡು ನಿಮಿಷದಲ್ಲಿ ನಿಮ್ಮ ಲೋಟ ಕಂದುಬಣ್ಣಕ್ಕೆ ತಿರುಗಿ ಕೊಳೆ ತೇಲುತ್ತದೆ, ಅವರದು ತಿಳಿಯಾಗೇ ಇರುತ್ತದೆ. "ನೋಡಿ ಮೇಡಂ, ಇದನ್ನೇ ಮಕ್ಕಳಿಗೆ ಕುಡಿಸ್ತಿದೀರ." ನಿಜವಾಗಿ ಆ ಬಣ್ಣ ಕಡ್ಡಿಯದು. ನೀರಿನಲ್ಲಿರುವ ಸಹಜ ಲವಣಗಳಿಂದ ವಿದ್ಯುತ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕಿನ ಬಣ್ಣ ಬರುತ್ತದೆ. ಲವಣವನ್ನೆಲ್ಲ ಸೋಸಿದ ನೀರಿನಲ್ಲಿ ವಿದ್ಯುತ್ ಹರಿಯುವುದು ತೀರಾ ಕಡಿಮೆ, ಹಾಗಾಗಿ ಬಣ್ಣವಿಲ್ಲ. ಅತ್ಯಂತ ಶುದ್ಧವಾದ ಊಟೆ ನೀರನ್ನು ತಂದಿಟ್ಟರೂ ಈ ಪರೀಕ್ಷೆಯಲ್ಲಿ ಅದು ಫೇಲ್. ಕಾವೇರಿ ನೀರು ಬರುವ ಮನೆಗೂ ಇದನ್ನು ತೋರಿಸಿ ಆರ್‌ಒ ಮಾರುತ್ತಾರೆ. 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲೇ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಆರ್‌ಒ ಒಂದು ಲೋಟ ಕೊಡುವುದಕ್ಕೆ ಅದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡುತ್ತದೆ ಎಂಬುದು ಒಂದು ಕಾರಣ.

ಪರಿಹಾರ ಮಾರಬೇಕು ಎಂಬ ಉಪದೇಶದ ಮಗ್ಗುಲಲ್ಲೇ ಇರುವ ಅಪಾಯ ಇದು. ಸಾಮಾನು ಮಾರುವವರು ಸಾಮಾನಿನ ಬಗ್ಗೆ ಮಾತ್ರ ಸುಳ್ಳು ಹೇಳಬಲ್ಲರು. ಪರಿಹಾರ ಮಾರುವವರಿಗೆ ಸಮಸ್ಯೆಯ ಬಗ್ಗೆಯೂ ಸುಳ್ಳು ಹೇಳುವ ಅವಕಾಶವಿದೆ. 'ವ್ಯಾಪಾರಂ ದ್ರೋಹಚಿಂತನಂ' ಎಂದು ನಮ್ಮವರು ಸುಮ್ಮನೆ ಹೇಳಿಕೊಂಡು ಬಂದಿಲ್ಲ. ಪರೀಕ್ಷೆ ಉಚಿತ, ಯಂತ್ರಕ್ಕೆ ಮಾತ್ರ ದುಡ್ಡು ಎಂದಾದಾಗ ಪರೀಕ್ಷೆಯ ಫಲಿತಾಂಶ ಯಂತ್ರದ ಕಡೆಗೇ ವಾಲುತ್ತದೆ. ಹಾರ್ಡ್‌ವೇರ್ ಅಂಗಡಿಯವರ ಉಚಿತ ಸಲಹೆಗೂ ಸೇಲ್ಸ್‌ನವರ ಉಚಿತ ಪರೀಕ್ಷೆಗೂ ಹೊರಗಿನಿಂದ ವ್ಯತ್ಯಾಸ ಕಾಣದು. ಮೊದಲನೆಯದು ಅಂಗಡಿಯ ಬಾಡಿಗೆಯನ್ನು ತಿನ್ನುತ್ತದೆ, ಎರಡನೆಯದು ಗಿರಾಕಿಯ ಜೇಬನ್ನು.

ಟ್ಯಾಂಕರಿನ ಕಥೆ ಬೇರೆ. ಅಲ್ಲಿ ಸಮಸ್ಯೆ ನಿಜ, ಪರಿಹಾರವೂ ನಿಜ, ಆದರೆ ಸಮಸ್ಯೆ ಉಳಿದಷ್ಟು ದಿನವೇ ವ್ಯಾಪಾರ. 2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿದಾಗ ದರ ಕೈಗೆ ಸಿಗದಂತೆ ಏರಿತು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಅದೇ ವರ್ಷ ಅಕ್ಟೋಬರ್ 16ರಂದು ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. 2025ರ ಮೇ ತಿಂಗಳಲ್ಲಿ ಜಲಮಂಡಳಿಯೇ 'ಸಂಚಾರಿ ಕಾವೇರಿ' ಎಂದು ಟ್ಯಾಂಕರ್ ಸೇವೆಗೆ ಇಳಿಯಿತು. ಸಮಸ್ಯೆಯೊಂದನ್ನೇ ನಂಬಿ ಸಾಲ ಮಾಡಿ ಲಾರಿ ಕೊಂಡವರಿಗೆ ಅದು ಬಗೆಹರಿದ ದಿನವೇ ಕಂತು ಕಟ್ಟುವುದು ಕಷ್ಟ. ಅವರನ್ನೆಲ್ಲ ಒಟ್ಟಾಗಿ 'ಮಾಫಿಯಾ' ಎನ್ನುವುದು ಪತ್ರಿಕೆಗಳಿಗೆ ಸಲೀಸು. ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವವನಿಗೆ ಆ ಮಾತು ಹೊಂದುವುದಿಲ್ಲ.

ಇದೇ ನೀರಿನ ಸುತ್ತ, ಇದೇ ಬಡಾವಣೆಗಳ ಬಳಿ, ನನಗೆ ಎಲ್ಲಕ್ಕಿಂತ ಆಸಕ್ತಿ ಹುಟ್ಟಿಸುವ ಕಸುಬುದಾರರು ಬಾವಿ ತೋಡುವವರು. ಮಣ್ಣುವಡ್ಡರು, ಭೋವಿಗಳು ತಲೆಮಾರುಗಳಿಂದ ಬೆಂಗಳೂರಿನ ತೆರೆದ ಬಾವಿಗಳನ್ನು ತೋಡಿದವರು. ಬೋರ್‌ವೆಲ್ ರಿಗ್ ಬಂದ ಮೇಲೆ ಅವರ ಕೈಗೆ ಕೆಲಸವಿಲ್ಲದಾಯಿತು. ಅವರು ಮಾರುತ್ತಿದ್ದ 'ಬಾವಿ' ಯಾರಿಗೂ ಬೇಡವಾಯಿತು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು, ದೊಡ್ಡ ನಿವೇಶನದ ಹಳೆಯ ಮನೆಗಳಿಗೂ 1,200 ಚದರಡಿ ಮತ್ತು ಮೇಲ್ಪಟ್ಟ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ ಮೇಲೆ ಅದೇ ಕೈಚಳಕಕ್ಕೆ ಹೊಸ ಗಿರಾಕಿ ಸಿಕ್ಕರು. ವಿದ್ಯಾರಣ್ಯಪುರದಿಂದ ಕೆಲಸ ಮಾಡುವ ಬಯೋಮ್ ಎನ್ವಿರಾನ್‌ಮೆಂಟಲ್ ಟ್ರಸ್ಟ್, ಎಸ್. ವಿಶ್ವನಾಥ್ ಅವರ ಮುಂದಾಳತ್ವದಲ್ಲಿ, ಬೆಂಗಳೂರಿಗೆ ಹತ್ತು ಲಕ್ಷ ಇಂಗುಬಾವಿ ಎಂಬ ಆಂದೋಲನ ಕಟ್ಟಿ ಈ ಕಸುಬುದಾರರನ್ನು ಮನೆಗಳಿಗೂ ಅಪಾರ್ಟ್‌ಮೆಂಟ್‌ಗಳಿಗೂ ಪರಿಚಯಿಸಿತು. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿದ್ದೂ, ಅಲ್ಲಿ ಹೊಸ ಇಂಗುಬಾವಿ ತೋಡಿದ್ದೂ ಇವರೇ.

ಮೂರಡಿ ಅಗಲ, ಇಪ್ಪತ್ತಡಿ ಆಳ. ಒಬ್ಬ ಒಳಗಿಳಿದು ಅಗೆಯುತ್ತಾನೆ, ಮೇಲೆ ನಿಂತವರು ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಮಣ್ಣು ಎಳೆಯುತ್ತಾರೆ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ತಾರಸಿಯ ಪೈಪು ಸೋಸುಗುಂಡಿಯ ಮೂಲಕ ಇದಕ್ಕೆ ಬಂದು ಸೇರುತ್ತದೆ. ಮನೆಯವರು ಇವರನ್ನು ಕರೆಯುವುದು ಬಾವಿ ಬೇಕೆಂದಲ್ಲ. ಗೇಟಿನ ಮುಂದೆ ನೀರು ನಿಲ್ಲುತ್ತದೆ, ಬೇಸ್‌ಮೆಂಟಿಗೆ ನುಗ್ಗುತ್ತದೆ, ಬೋರು ಬತ್ತಿದೆ, ನೀರಿನ ಬಿಲ್ಲಿನಲ್ಲಿ ದಂಡ ಬರುತ್ತಿದೆ, ಹೀಗೆ ಕರೆಗೆ ಕಾರಣ ನೂರು. ಕಷ್ಟ ಇರುವುದು ಇಲ್ಲೇ. ಇಪ್ಪತ್ತಡಿಯಲ್ಲಿ ಇಂಗಿದ ನೀರು ಮೇಲುಪದರದ ಅಂತರ್ಜಲಕ್ಕೆ ಸೇರುತ್ತದೆ. ಸಾವಿರ ಅಡಿಯ ಬೋರಿಗೆ ಅದು ನಾಳೆಯೇ ಇಳಿಯುತ್ತದೆ ಎಂದು ಯಾರೂ ಭರವಸೆ ಕೊಡುವಂತಿಲ್ಲ. ಇಳಿದರೂ ನಿಮ್ಮ ಬೋರಿಗೇ ಎಂದೇನಿಲ್ಲ, ಪಕ್ಕದವರಿಗೂ ಹೋಗುತ್ತದೆ. ಪ್ರಾಮಾಣಿಕರಾದ ಬಾವಿಯವರು ಇದನ್ನು ಮೊದಲೇ ಹೇಳಿಬಿಡುತ್ತಾರೆ, ಅರ್ಧ ಗಿರಾಕಿಗಳು ಅಲ್ಲೇ ಕಳಚಿಕೊಳ್ಳುತ್ತಾರೆ. ದಂಡ ತಪ್ಪಿಸಲು ಮಾತ್ರ ಕರೆಯುವವರಿಗೆ ಬಾವಿಯೂ ಬೇಡ. ಪೈಪಿಗೊಂದು ಡ್ರಮ್ಮು ಸಿಕ್ಕಿಸಿ ಫೋಟೊ ತೆಗೆದರೆ ಸಾಕು. ಯಾವ ಸಮಸ್ಯೆಯನ್ನು ಬಗೆಹರಿಸಿಕೊಳ್ಳಬೇಕು ಎಂಬುದನ್ನು ಗಿರಾಕಿಯೇ ಹೀಗೆ ಕೆಳಕ್ಕಿಳಿಸಿದಾಗ, ಒಳ್ಳೆಯ ಕೆಲಸಗಾರ ಸೋತು ಅಗ್ಗದವನು ಗೆಲ್ಲುತ್ತಾನೆ. ಯಲಹಂಕದ ಕೇಂದ್ರೀಯ ವಿಹಾರ್ ಅಪಾರ್ಟ್‌ಮೆಂಟ್ 2021ರ ನವೆಂಬರಿನಲ್ಲಿ ಮುಳುಗಿತು, 2024ರ ಅಕ್ಟೋಬರಿನಲ್ಲಿ ಮತ್ತೆ ಮುಳುಗಿತು. ಕೆರೆ, ರಾಜಕಾಲುವೆಯ ಮಟ್ಟದ ಸಮಸ್ಯೆಗೆ ಯಾವ ಸಣ್ಣ ವ್ಯಾಪಾರಿಯ ಬಳಿಯೂ ಮದ್ದಿಲ್ಲ. ಪಂಪುಸೆಟ್ಟು ಬಾಡಿಗೆಗೆ ಕೊಡಬಹುದು, ಅಷ್ಟೆ.

ಹಾಗಾದರೆ ಪರಿಹಾರ ಮಾರಿ ಬದುಕಿದವರೇ ಇಲ್ಲವೇ? ಇದ್ದಾರೆ, ಕರ್ನಾಟಕದಲ್ಲೇ ಇದ್ದಾರೆ. ಅವರನ್ನು ನೋಡಿದರೆ ಗೆದ್ದದ್ದು ಪರಿಹಾರದ ಜಾಣತನದಿಂದಲ್ಲ, ದುಡ್ಡು ಹೇಗೆ ಕೈಸೇರಬೇಕು ಎಂಬುದನ್ನು ಬಿಡಿಸಿದ್ದರಿಂದ ಅನ್ನಿಸುತ್ತದೆ. 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಜತೆಗಾರರ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆಬಾಗಿಲಿಗೆ ಏಜೆಂಟರೇ ಹೋಗಿ ತರುತ್ತಿದ್ದರು. ಉಳಿತಾಯ ಎಂಬ ಸಾಮಾನು ಹಳೆಯದೇ. ಹೊಸತು ಎಂದರೆ ದಿನದ ಸಂಪಾದನೆಯವರಿಗೆ ದಿನದ ಲೆಕ್ಕ. 1995ರಲ್ಲಿ ಹರೀಶ್ ಹಂದೆ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ ಸೌರದೀಪದಲ್ಲಿ ಇದನ್ನೇ ಮಾಡಿತು. ತಿಂಗಳಿಗೆ ಮುನ್ನೂರು ಎಂದರೆ ಆಗದು, ದಿನಕ್ಕೆ ಹತ್ತು ಎಂದರೆ ಕೊಡುತ್ತೇನೆ ಎಂದ ಬೀದಿಬದಿಯ ವ್ಯಾಪಾರಿಯೊಬ್ಬರ ಮಾತಿನಿಂದ ತಾವು ಕಲಿತ ಪಾಠವನ್ನು ಹಂದೆ ಹಲವು ಸಭೆಗಳಲ್ಲಿ ಹೇಳಿದ್ದಾರೆ. ಗ್ರಾಮೀಣ ಬ್ಯಾಂಕಿನ ಸಾಲ, ಮನೆಗೆ ಬಂದು ರಿಪೇರಿ ಮಾಡುವ ಹುಡುಗ, ಸಂಜೆ ತಳ್ಳುಗಾಡಿಗಳಿಗೆ ಚಾರ್ಜ್ ಆದ ಬ್ಯಾಟರಿ ಬಾಡಿಗೆಗೆ ಕೊಡುವ ಊರಿನವನೇ ಒಬ್ಬ, ಇವೆಲ್ಲ ಸೇರಿ ಅವರ ವ್ಯಾಪಾರ. ಪ್ಯಾನೆಲ್ ಅದರ ಒಂದು ಭಾಗ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಆಹಾರದಲ್ಲಿ ಬೇರೊಂದು ದಾರಿ: ಪರಿಹಾರವನ್ನೇ ಪ್ಯಾಕೆಟ್ಟು ಮಾಡುವುದು. ತುರ್ತುಪರಿಸ್ಥಿತಿಯ ದರ ನಿಯಂತ್ರಣದಿಂದ ಹೋಟೆಲ್ ನಡೆಸುವುದು ಕಷ್ಟವಾದಾಗ ಎಂಟಿಆರ್‌ನವರು ರೆಡಿ ಮಿಕ್ಸ್‌ಗೆ ಹೊರಳಿದರು. 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ಬೆಂಗಳೂರಿನಲ್ಲಿ ಇಡ್ಲಿ-ದೋಸೆ ಹಿಟ್ಟು ಮಾರಲು ಶುರುಮಾಡಿ ಐಡಿ ಫ್ರೆಶ್ ಕಟ್ಟಿದರು. ಆದರೆ ಪ್ಯಾಕೆಟ್ಟಾದ ಪರಿಹಾರ ಮತ್ತೆ ಸಾಮಾನೇ. ಮರುದಿನ ಹತ್ತು ಜನ ಅದನ್ನೇ ಎರಡು ರೂಪಾಯಿ ಕಡಿಮೆಗೆ ಮಾರುತ್ತಾರೆ. ಕೊಡಿಗೇಹಳ್ಳಿಯಂಥ ಕಡೆ ಹಿಟ್ಟು ರುಬ್ಬಿ ಕೆಜಿ ಲೆಕ್ಕದಲ್ಲಿ ಕೊಡುವ ಸಣ್ಣ ಅಂಗಡಿ ಉಳಿಯುವುದು "ನಾಳೆ ಎಂಟು ಜನ ನೆಂಟರು, ಹುಳಿ ಕಡಿಮೆ ಇರ್ಲಿ ಅಣ್ಣ" ಎಂದರೆ ಅದರಂತೆ ಕೊಡುವುದರಿಂದ.

ಕಾಗದಪತ್ರದ ವ್ಯವಹಾರಕ್ಕೆ ಬಂದರೆ ವಿಚಿತ್ರವೊಂದು ಕಾಣುತ್ತದೆ: ಇಲ್ಲಿ ಗಿರಾಕಿ ಸಲಹೆಗೆ ಚೌಕಾಶಿ ಇಲ್ಲದೆ ದುಡ್ಡು ಬಿಚ್ಚುತ್ತಾರೆ. 2024ರ ಅಕ್ಟೋಬರಿನಿಂದ ನಗರದಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ ಝೆರಾಕ್ಸ್ ಅಂಗಡಿಗಳು ರಾತ್ರೋರಾತ್ರಿ ಸಲಹಾ ಕೇಂದ್ರಗಳಾದವು. ಕ್ರಯಪತ್ರ ಸ್ಕ್ಯಾನ್ ಮಾಡುವುದು, ಋಣಭಾರ ಪತ್ರ (ಇಸಿ) ತೆಗೆಯುವುದು, ಆಧಾರ್‌ನಲ್ಲಿರುವ ಹೆಸರಿಗೂ ಪತ್ರದಲ್ಲಿರುವ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸವಿದ್ದರೆ ಏನು ಮಾಡುವುದು, ಎಲ್ಲಕ್ಕೂ ಅಲ್ಲಿ ಉತ್ತರ ಸಿಗುತ್ತಿತ್ತು. ಮನೆಯಲ್ಲೇ ಕೂತು ಮಾಡಬಹುದಾದ ಕೆಲಸವಿದು. ಆದರೂ ನಿವೃತ್ತ ಮೇಷ್ಟರೊಬ್ಬರಿಗೆ ಕಂಪ್ಯೂಟರ್ ಪರದೆಯ ಮುಂದೆ ಪಕ್ಕದಲ್ಲಿ ಯಾರೋ ಕೂತು "ಇಲ್ಲಿ ಒತ್ತಿ ಸಾರ್" ಅನ್ನುವುದಕ್ಕೆ ಬೆಲೆ ಇದೆ, ಇರಲೂಬೇಕು. ಇದೇ ಮೇಜಿನ ಇನ್ನೊಂದು ತುದಿಯಲ್ಲಿ "ಒಳಗೆ ನಮ್ಮವರಿದ್ದಾರೆ" ಎಂದು ಕಣ್ಣು ಮಿಟುಕಿಸುವವರೂ ಕೂತಿರುತ್ತಾರೆ. ಅವರು ಮಾರುವುದು ಪರಿಹಾರವಲ್ಲ, ಅಡ್ಡಿಯಲ್ಲಿ ಪಾಲು. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಬಂದವು. ಈ ಮೇಜುಗಳಿಗೆ ಕೆಲಸವೇನೂ ಕಡಿಮೆಯಾಗಿಲ್ಲ.

ಅದೇ ವರ್ಷ ಜುಲೈನಲ್ಲಿ ಗಿರಾಕಿಯ ಕುರ್ಚಿಯಲ್ಲಿ ಕೂರುವ ಸರದಿ ವ್ಯಾಪಾರಿಗಳದ್ದಾಯಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ವರ್ಷಕ್ಕೆ ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತರಕಾರಿ, ಹಾಲಿನಂಥ ತೆರಿಗೆಯಿಲ್ಲದ ಮಾಲು ಮಾರಿದವರಿಗೂ ನೋಟಿಸು ಬಂತು. ಹಲವು ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು 'ನೋ ಯುಪಿಐ, ಕ್ಯಾಶ್ ಮಾತ್ರ' ಎಂದು ಚೀಟಿ ಅಂಟಿಸಿದವು. ಆ ವಾರಗಳಲ್ಲಿ ಲೆಕ್ಕಪತ್ರದವರು ಕೊಟ್ಟ ಉತ್ತಮ ಸಲಹೆ ತೀರಾ ಸರಳವಾಗಿತ್ತು: ಮನೆಯ ಖಾತೆ, ಅಂಗಡಿಯ ಖಾತೆ ಬೇರೆ ಮಾಡಿ, ಮಗಳು ಕಳಿಸಿದ ದುಡ್ಡೂ ವಹಿವಾಟಾಗಿ ಕಾಣುವುದು ಬೇಡ. ಇದನ್ನು ಕೇಳಲು ಅಂಗಡಿಯವರು ಫೀಸು ಕೊಟ್ಟರು. ತಮ್ಮ ಗಿರಾಕಿಯಿಂದ ಅದೇ ಬಗೆಯ ಫೀಸು ಕೇಳಲು ಅವರಿಗೆ ಬಾಯಿ ಬರುವುದಿಲ್ಲ.

ಯಾಕೆ? ವಕೀಲರು, ಡಾಕ್ಟರು, ಆಡಿಟರು ಮಾತಿಗೆ ದುಡ್ಡು ಪಡೆಯಬಹುದು ಎಂದು ನಾವು ಒಪ್ಪಿಕೊಂಡಿದ್ದೇವೆ. ಮೋಟಾರು ರಿಪೇರಿಯವರು ಬಂದು ನೋಡಿ, "ವೈಂಡಿಂಗ್ ಸುಟ್ಟಿಲ್ಲ ಆಂಟಿ, ಕೆಪಾಸಿಟರ್ ಅಷ್ಟೇ ಹೋಗಿರೋದು" ಎಂದರೆ ಕೆಪಾಸಿಟರಿನ ಬೆಲೆ ಗೂಗಲ್ ಮಾಡುತ್ತೇವೆ. ಸಾವಿರಾರು ರೂಪಾಯಿಯ ರಿವೈಂಡಿಂಗ್ ತಪ್ಪಿಸಿದ ಆ ಒಂದು ವಾಕ್ಯಕ್ಕೆ ನಮ್ಮಲ್ಲಿ ದರಪಟ್ಟಿ ಇಲ್ಲ. ಹಿಂದೆ ಈ ಖರ್ಚು ಸಾಮಾನಿನ ಲಾಭದಲ್ಲಿ ಅಡಗಿರುತ್ತಿತ್ತು. ನಲ್ಲಿಯೊಂದರ ಮೇಲಿನ ಐವತ್ತು ರೂಪಾಯಿ ಲಾಭ, ಮಾರಾಟವಾಗದ ಹತ್ತು ಸಲಹೆಗಳ ವೆಚ್ಚವನ್ನೂ ಹೊರುತ್ತಿತ್ತು. ಈಗ ಗಿರಾಕಿ ಅಂಗಡಿಯಲ್ಲಿ ಕೇಳಿ ತಿಳಿದು, ಫೋಟೊ ತೆಗೆದು, ಸಾಮಾನನ್ನು ಆನ್‌ಲೈನಿನಲ್ಲಿ ತರಿಸುತ್ತಾರೆ. ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟ್‌ಗಳು ಬಲ್ಬನ್ನೂ ಬ್ಯಾಟರಿಯನ್ನೂ ಹತ್ತು-ಹದಿನೈದು ನಿಮಿಷದಲ್ಲಿ ತಂದುಕೊಡುತ್ತವೆ. ಯಾವ ಬಲ್ಬು ಎಂಬ ಪ್ರಶ್ನೆ ಮಾತ್ರ ಅಂಗಡಿಗೇ ಬರುತ್ತದೆ. ಹೀಗೆ ಸಲಹೆ ಅಂಗಡಿಯಲ್ಲಿ ಉಳಿದು ಲಾಭ ಹೊರಗೆ ಹೋಗುವಾಗ, 'ಪರಿಹಾರ ಮಾರಿ' ಎಂಬ ಉಪದೇಶ ಗಾಯಕ್ಕೆ ಉಪ್ಪು ಸವರುತ್ತದೆ.

ಉದ್ದಿಮೆ ಜಗತ್ತು ಇದಕ್ಕೆ ಒಂದು ಉತ್ತರವನ್ನು ಎಂದೋ ಕಂಡುಕೊಂಡಿದೆ. 1962ರಲ್ಲಿ ಬ್ರಿಟನ್ನಿನ ವೈಪರ್ ಜೆಟ್ ಎಂಜಿನ್‌ಗೆ ಹಾರಾಟದ ಗಂಟೆಗೆ ಇಷ್ಟು ಎಂದು ನಿರ್ವಹಣಾ ದರ ಕಟ್ಟಿದರು. ರೋಲ್ಸ್ ರಾಯ್ಸ್ ಮುಂದೆ ಅದನ್ನೇ ದೊಡ್ಡದಾಗಿ ಬೆಳೆಸಿತು. ಎಂಜಿನ್ ಕೆಟ್ಟು ನಿಂತರೆ ನಷ್ಟ ತಯಾರಕರದ್ದೂ ಆಗುವುದರಿಂದ ಕೆಡದಂತೆ ನೋಡಿಕೊಳ್ಳುವುದು ಅವರ ಹಿತವೂ ಆಗುತ್ತದೆ. ಬೆಂಗಳೂರಿನಲ್ಲಿ ಆರ್‌ಒ ಯಂತ್ರವನ್ನು ತಿಂಗಳ ಬಾಡಿಗೆಗೆ ಕೊಡುವ ಪದ್ಧತಿ ಬಂದಿರುವುದು ಇದೇ ತರ್ಕದಿಂದ. ಫಿಲ್ಟರ್ ಬೇಗ ಬೇಗ ಬದಲಿಸಿ ದುಡ್ಡು ಮಾಡುತ್ತಿದ್ದವರಿಗೆ ಈಗ ಅದು ತಮ್ಮದೇ ಖರ್ಚು. ಹಾಗೆಂದು ಮೀಟರ್ ಹಿಡಿದು ಹೆದರಿಸುವ ಆಟ ಬಾಡಿಗೆಯಲ್ಲಿಯೂ ನಿಂತಿಲ್ಲ. ಬೇಡದ ಯಂತ್ರವನ್ನು ಕೊಳ್ಳುವ ಬದಲು ಬಾಡಿಗೆಗೆ ತರುತ್ತೇವೆ, ಅಷ್ಟೇ ವ್ಯತ್ಯಾಸ. ಪೀಣ್ಯ ಕೈಗಾರಿಕಾ ಪ್ರದೇಶದ ಜಾಬ್ ವರ್ಕ್ ಶೆಡ್ಡುಗಳಿಗೂ ಈ ಕಷ್ಟ ಗೊತ್ತು. ದೊಡ್ಡ ಕಂಪನಿಯ ಡ್ರಾಯಿಂಗ್‌ನಲ್ಲಿ ತಪ್ಪು ಹುಡುಕಿ ತಿದ್ದಿಕೊಟ್ಟರೂ ದುಡ್ಡು ಬರುವುದು ಪೀಸಿನ ಲೆಕ್ಕದಲ್ಲೇ.

ಕಾನೂನಿನ ಹೊಣೆಯನ್ನೂ ಮರೆಯುವಂತಿಲ್ಲ. ನಲ್ಲಿ ಮಾರಿದರೆ ನಲ್ಲಿಗೆ ಜವಾಬು, 'ಸೋರಿಕೆ ನಿಲ್ಲಿಸಿಕೊಡುತ್ತೇನೆ' ಎಂದರೆ ಸೋರಿಕೆಗೆ ಜವಾಬು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ಲೋಪಕ್ಕೂ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ತಾರಸಿ ವಾಟರ್‌ಪ್ರೂಫಿಂಗ್‌ನವರು ಐದು ವರ್ಷ ಗ್ಯಾರಂಟಿ ಎಂದು ಬಾಯಲ್ಲಿ ಹೇಳಿ, ಬಿಲ್ಲಿನಲ್ಲಿ ಕೆಮಿಕಲ್ ಲೀಟರಿನ ಲೆಕ್ಕ ಮಾತ್ರ ಬರೆಯುವುದು ಇದಕ್ಕೇ. ನಿಜವಾಗಿ ಪರಿಹಾರ ಮಾರುವವರನ್ನು ಗುರುತಿಸಲು ನನಗೆ ತಿಳಿದ ಸುಲಭದ ಪರೀಕ್ಷೆ ಬಿಲ್ಲನ್ನು ಓದುವುದು: ಅದರಲ್ಲಿ ಕೆಲಸದ ಫಲಿತಾಂಶ ಬರೆದಿದೆಯೋ, ಸಾಮಾನಿನ ತೂಕವೋ?

ಮನೆಗೆ ಬರುವ ರಿಪೇರಿಯವರು ಕೆಲವರು ಈಚೆಗೆ ಮಧ್ಯದ ಹಾದಿಯೊಂದನ್ನು ಹಿಡಿದಿದ್ದಾರೆ. ಬಂದು ನೋಡಲು ಇನ್ನೂರು, ಮುನ್ನೂರು ರೂಪಾಯಿ; ಕೆಲಸ ಅವರಿಗೇ ಕೊಟ್ಟರೆ ಅದು ಬಿಲ್ಲಿನಲ್ಲಿ ವಜಾ. ಅರ್ಬನ್ ಕಂಪನಿಯಂಥ ಆ್ಯಪ್‌ಗಳು ಮೊದಲೇ ದರ ತೋರಿಸಿ ಬುಕ್ ಮಾಡಿಸುವ ರೂಢಿ ಹುಟ್ಟಿಸಿರುವುದರಿಂದ ಇವರಿಗೂ ಕೇಳುವ ಧೈರ್ಯ ಬಂದಿರಬಹುದು. ನೋಡುವುದಕ್ಕೇ ದುಡ್ಡು ಸಿಕ್ಕಿದ ಮೇಲೆ "ಏನೂ ಬೇಡ, ಹೀಗೇ ಬಿಡಿ" ಎಂದು ಹೇಳಿ ಹೊರಡುವುದೂ ಅವರಿಗೆ ಕೈಗೂಡುತ್ತದೆ. ಕೌಂಟರಿನ ಅಂಗಡಿಗೆ ಮಾತ್ರ ಇದು ಹೊಂದುವುದಿಲ್ಲ. ಅಲ್ಲಿ ಗಿರಾಕಿಯೇ ಕೆಟ್ಟ ನಲ್ಲಿಯನ್ನು ಕವರಿನಲ್ಲಿ ಹಾಕಿಕೊಂಡು ಬಂದು ನಿಂತಿರುತ್ತಾರೆ, ಹಿಂದೆ ಇನ್ನೂ ಮೂವರು ಕಾಯುತ್ತಿರುತ್ತಾರೆ.